ಹೊಡೆದಾಟಕ್ಕೆ ಕತೆ ಯಾಕಣ್ಣ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ನಾಲ್ಕು ಒಂದೇ ವಿಷ್ಯದ ಸುತ್ತ ಇದ್ವು, ಫೈಟಿಂಗ್ ವಿಡಿಯೋ ಗೇಮು. ಅದಕ್ಕೇ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇದನ್ನೇ ತಗೊಂಡಿದೀನಿ. ಮೊದಲ್ನೇ ಉತ್ತರ ಸ್ವಲ್ಪ ಉದ್ದ ಆಗಿದೆ, ಸಮಾಧಾನವಾಗಿ ಓದಿ.

ಪ್ರಶ್ನೆ: ಅಣ್ಣ ನಮಸ್ಕಾರ. ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ರೂಮಲ್ಲಿ ನಾನೂ ನನ್ನ ಫ್ರೆಂಡೂ ದಿನಾ ರಾತ್ರಿ ಊಟ ಆದ್ಮೇಲೆ ಟೆಕ್ಕೆನ್ ಆಡ್ತೀವಿ. ನಾನು ಪ್ರತಿ ಕ್ಯಾರೆಕ್ಟರ್‌ದೂ ಹಿನ್ನೆಲೆ ಏನು, ಯಾರ ಮಗ, ಯಾಕೆ ಈ ಟೂರ್ನಮೆಂಟಿಗೆ ಬಂದ ಅಂತೆಲ್ಲ ತಿಳ್ಕೊಂಡು ಆಡೋನು. ಅವ್ನು ವಿಡಿಯೋ ಶುರುವಾದ ತಕ್ಷಣ ಸ್ಕಿಪ್ ಒತ್ತಿಬಿಡ್ತಾನೆ. ಕೇಳಿದ್ರೆ 'ಹೊಡೆದಾಡೋಕ್ ಕೂತಿರೋದು ಕಣ್ಲಾ, ಹರಿಕತೆ ಕೇಳೋಕಲ್ಲ, ಇದ್ರಲ್ಲಿ ಕತೆ ಕಟ್ಕೊಂಡು ಏನ್ ಮಾಡ್ತೀಯ' ಅಂತಾನೆ. ಹತ್ತಕ್ಕೆ ಎಂಟು ಸಲ ಅವ್ನೇ ಗೆಲ್ತಾನೆ ಬೇರೆ, ಹಂಗಾಗಿ ನನ್ನ ಮಾತಿಗೆ ಬೆಲೆ ಇಲ್ಲ. ನಿಜ ಹೇಳಣ್ಣ, ಫೈಟಿಂಗ್ ಗೇಮಿಗೆ ಕತೆ ಬೇಕಾ ಬೇಡ್ವಾ?

ಉತ್ತರ: ತಮ್ಮಾ, ಮೊದಲು ನಿನ್ನ ಫ್ರೆಂಡ್ ಕಡೆ ಇರೋ ನ್ಯಾಯ ಹೇಳಿಬಿಡ್ತೀನಿ. ಗೆಲ್ಲೋದಕ್ಕೂ ಕತೆಗೂ ಸಂಬಂಧ ಇಲ್ಲ. ಯಾವ ಏಟು ಎಷ್ಟು ಬೇಗ ಬರುತ್ತೆ, ಬ್ಲಾಕ್ ಆದ್ಮೇಲೆ ಯಾರು ಮೊದ್ಲು ಕೈ ಎತ್ತಬಹುದು, ಗೋಡೆಗೆ ಸಿಕ್ಕಾಕೊಂಡ್ರೆ ಹೆಂಗೆ ಆಚೆ ಬರೋದು, ಇದೆಲ್ಲ ಕೈ ಪಳಗಿದ್ರೆ ಬರೋ ವಿದ್ಯೆ, ಟೆಕ್ಕೆನ್ ಹೀರೋ ಜಿನ್ ಯಾರ ಮೊಮ್ಮಗ ಅಂತ ಗೊತ್ತಿದ್ರೆ ಬರೋದಲ್ಲ. ಅವ್ನು ಎಂಟು ಸಲ ಗೆಲ್ತಾನೆ ಅಂದ್ರೆ ನಿನಗಿಂತ ಜಾಸ್ತಿ ಪ್ರಾಕ್ಟೀಸ್ ಮಾಡಿದಾನೆ, ಅದನ್ನ ಒಪ್ಕೊ.

ಆದ್ರೆ ಕತೆ ಕಟ್ಕೊಂಡು ಏನ್ ಮಾಡ್ತೀಯ ಅಂದ್ನಲ್ಲ, ಅಲ್ಲಿ ನಾನು ನಿನ್ನ ಕಡೆ. ಯಾಕೆ ಅಂತ ಹೇಳೋಕೆ ನಾನು ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ನಾನು ಹುಡುಗ ಆಗಿದ್ದಾಗ ಮೈಸೂರಲ್ಲಿ ನಮ್ಮನೆ ಬೀದಿ ಕೊನೇಲಿ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು, ಒಳಗೆ ಕತ್ತಲು, ಮೂರೋ ನಾಲ್ಕೋ ಮೆಷಿನ್ನು, ಒಂದು ಕಾಯಿನ್ ಹಾಕಿದ್ರೆ ಸೋಲೋ ತನಕ ಆಟ. ಅದ್ರಲ್ಲಿ ಒಂದು ಸ್ಟ್ರೀಟ್ ಫೈಟರ್ 2, ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ಬಿಟ್ಟಿದ್ದು. ನಮಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಸ್ಕ್ರೀನ್ ಮೇಲೆ ಬರೋ ಮಾತು ಓದಿ ಮುಗಿಸೋದ್ರೊಳಗೆ ಹೋಗಿಬಿಟ್ಟಿರೋದು, ಕತೆ ಹೇಳೋರು ಯಾರೂ ಇರ್ಲಿಲ್ಲ. ಆದ್ರೂ ಕೊನೆಗೆ ಬರೋ ನಾಲ್ಕು ಜನದಲ್ಲಿ ಒಬ್ಬ ಇದಾನಲ್ಲ, ಸಗಾಟ್ ಅಂತ, ಥಾಯ್ಲೆಂಡಿನ ಒಂಟಿಕಣ್ಣಿನ ಎತ್ತರದ ಆಳು, ಅವನ ಎದೆ ಮೇಲೆ ಕೆಳಗಿಂದ ಮೇಲಕ್ಕೆ ಸೀಳಿದಂಗೆ ಒಂದು ದೊಡ್ಡ ಗಾಯದ ಗುರುತು. ಅದನ್ನ ನೋಡಿ ನಾವು ಹುಡುಗ್ರೆಲ್ಲ ಅಂಗಡಿ ಮೆಟ್ಟಿಲ ಮೇಲೆ ಕೂತು ಜಗಳ ಆಡ್ತಿದ್ವಿ, ಇವನಿಗೆ ಯಾರು ಹಂಗೆ ಹೊಡೆದಿರಬಹುದು ಅಂತ. ಹುಲಿ ಪರಚಿರಬೇಕು ಅಂತ ಒಬ್ಬ, ಕತ್ತಿ ಏಟು ಅಂತ ಇನ್ನೊಬ್ಬ.

ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು, 1987ರ ಮೊದಲ್ನೇ ಸ್ಟ್ರೀಟ್ ಫೈಟರ್‌ನಲ್ಲಿ ಕೊನೇ ಬಾಸ್, ಅಂದ್ರೆ ಕೊನೇಲಿ ಎದುರಾಗೋ ದೊಡ್ಡ ಎದುರಾಳಿ, ಇವನೇ, ಅವನನ್ನ ಸೋಲಿಸಿದ್ದು ಆ ಗೇಮಿನ ಹೀರೋ ರ್ಯು, ಅದೂ ನೆಲದಿಂದ ಮೇಲಕ್ಕೆ ಹಾರಿ ಹೊಡೆಯೋ ಶೋರ್ಯುಕೆನ್‌ನಿಂದ, ಆ ಏಟಿನ ಗುರುತು ಅದು. ಅಂದ್ರೆ ನಾವು ದಿನಾ ಒತ್ತುತಿದ್ದ ಅದೇ ಜಾಯ್‌ಸ್ಟಿಕ್ ತಿರುವು, ಅದೇ ಬಟನ್ನು, ಅದೇ ಏಟು ಅವನ ಮೈ ಮೇಲೆ ಆಗ್ಲೇ ಬರೆದಿತ್ತು. ಇದು ಗೊತ್ತಾದ ದಿನ ನನಗೆ ಮೈ ಜುಂ ಅಂತು, ಈಗ್ಲೂ ಅನ್ಸುತ್ತೆ. ಒಂದು ಸಾಲು ಡೈಲಾಗ್ ಇಲ್ದೆ, ಒಂದು ಚಿತ್ರದಲ್ಲಿ ಅಷ್ಟು ಕತೆ ಇಟ್ಟಿದ್ರಲ್ಲ ಅವ್ರು.

ಇನ್ನೊಂದು ನೋಡು. ರ್ಯು ಮತ್ತೆ ಕೆನ್, ಮೊದಲ್ನೇ ಗೇಮಲ್ಲಿ ಇಬ್ಬರದೂ ಒಂದೇ ಆಟ, ಮೊದಲ್ನೇ ಆಟಗಾರ ರ್ಯು, ಎದುರಿಗೆ ಕೂತವನು ಕೆನ್, ಬಟ್ಟೆ ಕೂದಲು ಬಿಟ್ರೆ ಏನೂ ವ್ಯತ್ಯಾಸ ಇಲ್ಲ. ಎರಡನೇ ಗೇಮಿನ ಶುರುವಲ್ಲೂ ಹೆಚ್ಚು ಕಮ್ಮಿ ಹಂಗೇ. ಅವರನ್ನ ಬೇರೆ ಮಾಡಿದ್ದು ಹಿನ್ನೆಲೆ ಮಾತ್ರ. ಒಬ್ಬ ಹೆಗಲಿಗೊಂದು ಚೀಲ ಹಾಕ್ಕೊಂಡು ಊರೂರು ಅಲೆಯೋನು, ಆಟ ಬಿಟ್ರೆ ಬೇರೆ ಏನೂ ಬೇಡ. ಇನ್ನೊಬ್ಬ ಅಮೆರಿಕದ ಶ್ರೀಮಂತರ ಮನೆ ಹುಡುಗ, ಶೋಕಿ, ಬಿರುಸು. ಆಮೇಲೆ ಏನಾಯ್ತು ಗೊತ್ತಾ, ಒಂದೊಂದು ಗೇಮ್ ಬಂದಂಗೂ ಆ ಸ್ವಭಾವ ಕೈಗೆ ಕಾಲಿಗೆ ಇಳೀತಾ ಹೋಯ್ತು. 1993ರ ಸೂಪರ್ ಸ್ಟ್ರೀಟ್ ಫೈಟರ್ 2ಗೆ ಬರೋ ಹೊತ್ತಿಗೆ ಕೆನ್‌ನ ಜೋರು ಶೋರ್ಯುಕೆನ್‌ಗೆ ಬೆಂಕಿ ಹತ್ಕೊಳೋಕೆ ಶುರುವಾಯ್ತು, ಅವನು ಮೈಮೇಲೆ ನುಗ್ಗೋ ಆಟಗಾರ ಆದ, ರ್ಯು ನಿಂತು ಕಾದು ಹೊಡೆಯೋನು ಆದ. ನಿನ್ನ ಫ್ರೆಂಡ್ ಕತೆ ಸ್ಕಿಪ್ ಮಾಡಿದ್ರೂ ಅವನ ಬೆರಳು ಒತ್ತುತಿರೋದು ಆ ಕತೆನೇ ಕಣಪ್ಪ.

ಟೆಕ್ಕೆನ್‌ನಲ್ಲೇ ಬೇಕು ಅಂದ್ರೆ ಜಿನ್‌ನ ತಗೋ. ಟೆಕ್ಕೆನ್ 3ರಲ್ಲಿ ಅವನು ತಾತ ಹೆಯ್‌ಹಾಚಿ ಹತ್ರ ಕಲಿತ ಮಿಶಿಮಾ ಮನೆತನದ ವಿದ್ಯೆಯಿಂದ ಹೊಡೆದಾಡ್ತಾನೆ. ಆ ತಾತ ಅವನನ್ನ ಓಗರ್ ಅನ್ನೋ ದೈತ್ಯನನ್ನ ಹಿಡಿಯೋಕೆ ಬಲಿಪಶು ಥರ ಬಳಸ್ಕೊಂಡು, ಕೆಲ್ಸ ಮುಗಿದ ಮೇಲೆ ಗುಂಡು ಹೊಡೀತಾನೆ. ಹುಡುಗ ಬದುಕ್ತಾನೆ. ಬದುಕಿ, ಈ ಮನೆತನದ ರಕ್ತಾನೂ ಬೇಡ ಅದು ಕಲಿಸಿದ ವಿದ್ಯೆನೂ ಬೇಡ ಅಂತ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಹೋಗಿ ಮೊದಲಿಂದ ಕರಾಟೆ ಕಲೀತಾನೆ. 2001ರಲ್ಲಿ ಟೆಕ್ಕೆನ್ 4 ಬಂದಾಗ ಜಿನ್‌ನ ಹಳೇ ಆಟ ಕಲ್ತಿದ್ದವರೆಲ್ಲ ಕಂಟ್ರೋಲರ್ ಹಿಡಿದು ಕೂತ್ರೆ ಕೈಯೇ ಓಡ್ತಿಲ್ಲ, ಏಟುಗಳೇ ಬೇರೆ! ಅವನು ಮರೆತಿದ್ದನ್ನ ನಾವೂ ಮರೀಬೇಕಾಯ್ತು, ಅವನು ಮೊದಲಿಂದ ಕಲ್ತಿದ್ದನ್ನ ನಾವೂ ಕಲೀಬೇಕಾಯ್ತು. ಆ ಹಳೇ ಏಟುಗಳು ವಾಪಸ್ ಬಂದಿದ್ದು ಟೆಕ್ಕೆನ್ 5ರಲ್ಲಿ ಡೆವಿಲ್ ಜಿನ್ ಅಂತ ಇನ್ನೊಂದು ರೂಪ ಬಂದಾಗ, ಅಂದ್ರೆ ಅವನು ಒದ್ದು ಓಡಿಸಿದ ರಕ್ತ ಮೈ ಮೇಲೆ ಬಂದಾಗ. ಒಬ್ಬನ ಕೋಪಾನ ಆಡೋರ ಬೆರಳಿಗೆ ದಾಟಿಸೋಕೆ ಇದಕ್ಕಿಂತ ಒಳ್ಳೇ ದಾರಿ ನಾನು ಯಾವ ಗೇಮಲ್ಲೂ ನೋಡಿಲ್ಲ.

ನೀನು ಮಂಡ್ಯದಲ್ಲಿ ಇದೀಯ, ನಿನಗೆ ಕುರುಕ್ಷೇತ್ರ ನಾಟಕ ಗೊತ್ತಿರಲೇಬೇಕು. ಹಳ್ಳೀಲಿ ನಾಟಕ ಕಟ್ಟಬೇಕಾದ್ರೆ ದುರ್ಯೋಧನನ ಪಾರ್ಟು ಯಾರಿಗೆ, ಭೀಮನ ಪಾರ್ಟು ಯಾರಿಗೆ ಅಂತ ಪೈಪೋಟಿ ಬೀಳುತ್ತೆ, ಕೈಯಿಂದ ದುಡ್ಡು ಕೊಟ್ಟು ಪಾರ್ಟ್ ತಗೋತಾರೆ, ದೊಡ್ಡ ಪಾರ್ಟಿಗೆ ದೊಡ್ಡ ದುಡ್ಡು. ಅದು ಕ್ಯಾರೆಕ್ಟರ್ ಸೆಲೆಕ್ಟ್ ಸ್ಕ್ರೀನ್ ತಾನೆ? ಗದೆ ಮರದ್ದು ಇಲ್ಲಾ ರಟ್ಟಿನದು, ಯಾರಿಗೂ ಏಟು ಬೀಳಲ್ಲ, ಕೊನೆಗೆ ಯಾರು ಗೆಲ್ತಾರೆ ಅಂತ ಸಣ್ಣ ಮಗುಗೂ ಗೊತ್ತು, ಆದ್ರೂ ಜನ ಕಂಬಳಿ ಹೊದ್ಕೊಂಡು ಬೆಳಗಿನ ಜಾವದ ತನಕ ಕೂತಿರ್ತಾರೆ, ಆ ತೊಡೆ ಮುರಿಯೋ ಏಟು ನೋಡೋಕೆ. ಗದಾಯುದ್ಧದ ನಿಯಮ ಏನು, ಹೊಕ್ಕಳಿಂದ ಕೆಳಗೆ ಹೊಡೀಬಾರ್ದು. ಭೀಮ ಹೊಡೆದಿದ್ದು ಅಲ್ಲಿಗೇ. ಸಭೇಲಿ ದುರ್ಯೋಧನ ದ್ರೌಪದಿಗೆ ತೊಡೆ ತೋರಿಸಿದ್ದು ಗೊತ್ತಿಲ್ದೇ ಇರೋನಿಗೆ ಅದು ಬರೀ ಫೌಲು. ಗೊತ್ತಿರೋನಿಗೆ ಇಡೀ ಮಹಾಭಾರತ. ಹತ್ತನೇ ಶತಮಾನದಲ್ಲೇ ರನ್ನ ಇದನ್ನ ಅರ್ಥ ಮಾಡ್ಕೊಂಡಿದ್ದ ನೋಡು, ಆ ಒಂದು ಕೊನೇ ಕಾಳಗದಲ್ಲಿ ನಿಂತ್ಕೊಂಡು ಸಿಂಹದ ಥರ ಹಿಂದೆ ತಿರುಗಿ ನೋಡ್ತಾ ಪೂರ್ತಿ ಭಾರತಾನ ಹೇಳಿದ. ಒಂದು ಏಟಿನ ಹಿಂದೆ ಎಷ್ಟು ಕತೆ ನಿಲ್ಲಬಹುದು ಅನ್ನೋದು ಕನ್ನಡದವರಿಗೆ ಹೊಸಾ ಪ್ರಶ್ನೆನೇ ಅಲ್ಲ.

ಮಾರ್ಟಲ್ ಕಾಂಬ್ಯಾಟ್‌ ಅನ್ನೋ ಇನ್ನೊಂದು ಫೈಟಿಂಗ್ ಗೇಮಲ್ಲೂ ಇಂಥದ್ದೇ ಒಂದಿದೆ. 1992ರ ಮೊದಲ್ನೇ ಗೇಮಲ್ಲಿ ಸ್ಕಾರ್ಪಿಯನ್, ಸಬ್-ಝೀರೋ ಇಬ್ಬರೂ ಒಬ್ಬನೇ ನಟ, ಒಂದೇ ಬಟ್ಟೆ, ಬಣ್ಣ ಮಾತ್ರ ಹಳದಿ ಮತ್ತೆ ನೀಲಿ, ಮೆಷಿನ್ನಿನ ಮೆಮೊರಿ ಉಳಿಸೋಕೆ ಮಾಡಿದ್ದು. ಅವರಿಬ್ಬರ ಮಧ್ಯೆ ಒಂದು ಕೊಲೆ ಇಟ್ರು, ಹಳದಿಯವನು ನೀಲಿಯವನ ಕೈಲಿ ಸತ್ತು ದೆವ್ವ ಆಗಿ ಸೇಡಿಗೆ ಬಂದವನು. ಎರಡನೇ ಗೇಮಲ್ಲಿ ಬರೋ ಸಬ್-ಝೀರೋ ಆ ಕೊಲೆಗಾರ ಅಲ್ಲ, ಅವನ ತಮ್ಮ. ಸ್ಕಾರ್ಪಿಯನ್‌ಗೆ ಅದು ಹೆಂಗೆ ಗೊತ್ತಾಗುತ್ತೆ ಅಂದ್ರೆ, ಇವನು ಸೋತ ಎದುರಾಳಿಯನ್ನ ಕೊಲ್ಲದೆ ಬಿಟ್ಟಿದ್ದನ್ನ ನೋಡಿ. ಗೆದ್ದ ಮೇಲೆ ಕ್ರೂರವಾಗಿ ಕೊಲ್ಲೋದಕ್ಕೇ ಹೆಸರಾದ ಗೇಮಲ್ಲಿ, ಕೊಲ್ಲದೇ ಇರೋದೇ ಒಬ್ಬನ ಗುರುತಾಯ್ತು. ಸೇಡು ಬಿಟ್ಟು ಅವನನ್ನ ಕಾಯ್ತೀನಿ ಅಂತ ಮಾತು ಕೊಡ್ತಾನೆ ಆ ದೆವ್ವ.

ಮತ್ತೆ ಕಂಪನಿಯವರು ಕತೆ ಕೊಡದೇ ಇದ್ರೆ ಆಡೋರು ಸುಮ್ನಿರ್ತಾರಾ? ಇಲ್ಲ. ಸ್ಟ್ರೀಟ್ ಫೈಟರ್ 2ರಲ್ಲಿ ಗೆದ್ದ ಮೇಲೆ ರ್ಯು ಹೇಳೋ ಮಾತಲ್ಲಿ ಶೋರ್ಯುಕೆನ್ ಅನ್ನೋ ಏಟಿನ ಹೆಸರನ್ನ ಅನುವಾದ ಮಾಡೋವಾಗ 'ಶೆಂಗ್ ಲಾಂಗ್' ಅಂತ ಬಂತು, ಅವನನ್ನ ಸೋಲಿಸಿದ್ರೆ ಮಾತ್ರ ನಿನಗೆ ಛಾನ್ಸು ಅನ್ನೋ ಥರ ಓದ್ಕೊಳ್ತು. ಜನ ಅದು ಯಾರೋ ಗುಟ್ಟಾಗಿರೋ ಗುರು ಅಂತ ನಂಬಿದ್ರು, 1992ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಗೇಮ್ ಪತ್ರಿಕೆ ಅವನನ್ನ ಹೊರಗೆ ತರೋದು ಹೆಂಗೆ ಅಂತ ಏಪ್ರಿಲ್ ಫೂಲ್ ಮಾಡ್ತು, ಹುಡುಗ್ರು ಎಲ್ಲಾ ಕಡೆ ಕಾಯಿನ್ ಸುರಿದು ಹುಡುಕಿದ್ರು. ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಮೆಷಿನ್ನಿನ ಲೆಕ್ಕದ ಪುಟದಲ್ಲಿ ದೋಷ ಎಣಿಸೋಕೆ ಇದ್ದ ಒಂದು ಪದ, ಎರ್ಮ್ಯಾಕ್ಸ್, ಅದನ್ನ ನೋಡಿ ಕೆಂಪು ಬಟ್ಟೆಯ ಇನ್ನೊಬ್ಬ ನಿಂಜಾ ಅಡಗಿದಾನೆ ಅಂತ ಸುದ್ದಿ ಹಬ್ಬಿತು, ಕೊನೆಗೆ 1995ರಲ್ಲಿ ಕಂಪನಿಯವರೇ ಎರ್ಮ್ಯಾಕ್ ಅಂತ ಒಬ್ಬನನ್ನ ನಿಜವಾಗ್ಲೂ ಗೇಮಿಗೆ ಸೇರಿಸಿದ್ರು. ಕತೆ ಬೇಡದೇ ಇದ್ದಿದ್ರೆ ಇಷ್ಟು ಹಸಿವು ಎಲ್ಲಿಂದ ಬರ್ತಿತ್ತು ಹೇಳು.

ಹಂಗಂತ ಎಲ್ಲಾ ಕತೆನೂ ಒಳ್ಳೇದು ಅಂತ ನಾನು ಹೇಳಲ್ಲ. 2011ರ ಮಾರ್ಟಲ್ ಕಾಂಬ್ಯಾಟ್ ಆದ್ಮೇಲೆ ಸಿನಿಮಾ ಥರ ಸ್ಟೋರಿ ಮೋಡ್ ಇಡೋದು ರೂಢಿ ಆಯ್ತು, ಒಂದೊಂದು ಅಧ್ಯಾಯಕ್ಕೆ ಒಬ್ಬೊಬ್ಬ ಕ್ಯಾರೆಕ್ಟರು, ಕತೆ ಚೆನ್ನಾಗೇ ಇದೆ, ಆದ್ರೆ ನಾನು ತಿಂಗಳುಗಟ್ಟಲೆ ಒಬ್ಬನನ್ನ ಕಲ್ತಿದ್ರೆ ಅದು ನನ್ನ ಕೈಗೆ ಗೊತ್ತಿಲ್ದೇ ಇರೋ ಇನ್ನೊಬ್ಬನನ್ನ ಕೊಟ್ಟು ಹೊಡಿ ಅನ್ನುತ್ತೆ. 2021ರ ಗಿಲ್ಟಿ ಗಿಯರ್ ಸ್ಟ್ರೈವ್‌ನ ಸ್ಟೋರಿ ಮೋಡಂತೂ ಗಂಟೆಗಟ್ಟಲೆ ಬರೀ ನೋಡೋದು, ಒಂದು ಏಟೂ ನಾವು ಹೊಡೆಯೋ ಹಂಗಿಲ್ಲ. ಅಲ್ಲಿ ಕತೆ ಒಂದು ಕಡೆ, ಆಟ ಒಂದು ಕಡೆ ಕೂತಿದೆ. ಅಂಥದ್ದನ್ನ ನಿನ್ನ ಫ್ರೆಂಡ್ ಸ್ಕಿಪ್ ಮಾಡಿದ್ರೆ ನನಗೆ ಬೇಜಾರಿಲ್ಲ. ಇದರ ಉಲ್ಟಾನೂ ಆಗಿದೆ. ಸ್ಟ್ರೀಟ್ ಫೈಟರ್ 5 ಅಂತ 2016ರ ಫೆಬ್ರವರಿಯಲ್ಲಿ ಬಂದಾಗ ಅದ್ರಲ್ಲಿ ಒಬ್ಬನೇ ಕೂತು ಒಬ್ಬೊಬ್ಬರನ್ನೇ ಸೋಲಿಸ್ತಾ ಹೋಗೋ ಆರ್ಕೇಡ್ ಮೋಡೇ ಇರ್ಲಿಲ್ಲ, ದೊಡ್ಡ ಸ್ಟೋರಿ ತಿಂಗಳುಗಳು ಕಳೆದ ಮೇಲೆ ಬಂತು, ಮಾರ್ಚ್ ಕೊನೆಗೆ 20 ಲಕ್ಷ ಕಾಪಿ ಅಂತ ಅಂದ್ಕೊಂಡಿದ್ದ ಕಂಪನಿ 14 ಲಕ್ಷಕ್ಕೆ ನಿಂತ್ಕೊಳ್ತು. ಹೊಡೆದಾಟ ಒಂದೇ ಸಾಕು ಅನ್ನೋ ನಂಬಿಕೆಗೆ ಕೊಟ್ಟ ಬೆಲೆ ಅದು ಅಂತ ನಾನು ಅಂದ್ಕೊಂಡಿದೀನಿ.

ಈಗ ನಿನಗೊಂದು ಕೆಲ್ಸ ಹೇಳ್ತೀನಿ. ನಿನ್ನ ಫ್ರೆಂಡ್ ಯಾವ ಕ್ಯಾರೆಕ್ಟರ್ ಇಟ್ಕೊಂಡು ಆಡ್ತಾನೆ ಅಂತ ಬರೆದಿಲ್ಲ ನೀನು. ಚಿರತೆ ಥರದ ಜಾಗ್ವಾರ್ ಮುಖವಾಡದ ಕಿಂಗ್ ಆಗಿದ್ರೆ ಎರಡು ರೌಂಡ್ ಮಧ್ಯೆ ಅರ್ಧ ನಿಮಿಷದಲ್ಲಿ ಹೇಳು. ಮೊದಲ್ನೇ ಕಿಂಗ್ ಅನಾಥ ಮಕ್ಕಳನ್ನ ಸಾಕೋಕೆ ಕುಸ್ತಿ ಆಡ್ತಿದ್ದೋನು, ಅವನನ್ನ ಓಗರ್ ಕೊಂದ, ಈಗ ಇರೋನು ಅದೇ ಅನಾಥಾಶ್ರಮದಲ್ಲಿ ಬೆಳೆದ ಹುಡುಗ, ಗುರುವಿನ ಮುಖವಾಡ ಹಾಕ್ಕೊಂಡು ಆ ಮಕ್ಕಳಿಗೋಸ್ಕರ ಆಡ್ತಿದಾನೆ. ಇದರ ಹಿಂದೆ ನಿಜವಾದ ಮನುಷ್ಯ ಒಬ್ಬರಿದ್ದಾರೆ, ಮೆಕ್ಸಿಕೋದಲ್ಲಿ ಫ್ರೈ ತೊರ್ಮೆಂತಾ ಅನ್ನೋ ಹೆಸರಲ್ಲಿ ಮುಖವಾಡ ಹಾಕಿ ಕುಸ್ತಿ ಆಡಿ ಅನಾಥಾಶ್ರಮ ನಡೆಸಿದ ಪಾದ್ರಿ. ಇಷ್ಟು ಹೇಳಿ ಸುಮ್ನಾಗು. ಮುಂದಿನ ಸಲ ಅವನು ಕಿಂಗ್‌ನ ಆರಿಸೋವಾಗ ಮುಖ ನೋಡು.

ಪ್ರಶ್ನೆ: ನಾನು ಮೈಸೂರು ಸರಸ್ವತಿಪುರಂನಿಂದ ಬರೀತಿದೀನಿ ಸರ್. ನನ್ನ ಮಗನಿಗೆ 12 ವರ್ಷ. ಅವನ ಚಿಕ್ಕಪ್ಪನ ಮನೇಲಿ ಪ್ಲೇಸ್ಟೇಷನ್ ಇದೆ, ರಜೆ ಬಂದ್ರೆ ಅಲ್ಲೇ. ಬರೀ ಹೊಡೆದಾಟ ಏನೋ ಅಂದ್ರೆ 'ಇಲ್ಲಮ್ಮಾ ಇದ್ರಲ್ಲಿ ಕತೆ ಇದೆ' ಅಂತಾನೆ, ಏನು ಕತೆ ಅಂದ್ರೆ 'ಅಪ್ಪ ಮಗನನ್ನ ಬೆಟ್ಟದ ಮೇಲಿಂದ ಎಸೀತಾನೆ' ಅಂದ. ನನಗೆ ಗಾಬರಿ ಆಯ್ತು. ಇದು ಮಕ್ಕಳು ಆಡೋದಾ?

ಉತ್ತರ: ಅಕ್ಕ, ಗಾಬರಿ ಆಗೋದು ಸಹಜ. ಅವನು ಹೇಳಿದ್ದು ಟೆಕ್ಕೆನ್ ಕತೆ. ಹೆಯ್‌ಹಾಚಿ ಅನ್ನೋ ಅಪ್ಪ ಐದು ವರ್ಷದ ಮಗ ಕಜುಯಾನ ಕಣಿವೆಗೆ ಎಸೀತಾನೆ, ಗಟ್ಟಿ ಇದ್ರೆ ಹತ್ತಿ ಬರ್ತಾನೆ ಅಂತ. ಮಗ ಬರ್ತಾನೆ, ದೊಡ್ಡೋನಾಗಿ 1994ರ ಮೊದಲ್ನೇ ಗೇಮಿನ ಕೊನೇಲಿ ಅಪ್ಪನನ್ನ ಅದೇ ಕಡಿದಾದ ಜಾಗದಿಂದ ಎಸೀತಾನೆ. ಎರಡನೇ ಗೇಮಲ್ಲಿ ಅಪ್ಪ ಮಗನನ್ನ ಜ್ವಾಲಾಮುಖಿಗೆ. ಏಳನೇ ಗೇಮಲ್ಲಿ ಮತ್ತೆ ಮಗ ಅಪ್ಪನನ್ನ ಲಾವಾಕ್ಕೆ. 2024ರ ಜನವರಿಯಲ್ಲಿ ಬಂದ ಎಂಟನೇದ್ರಲ್ಲಿ ಮೊಮ್ಮಗ ಜಿನ್ ತನ್ನ ಅಪ್ಪ ಕಜುಯಾನ ಎದುರು ನಿಲ್ತಾನೆ.

ಕೇಳೋಕೆ ಕ್ರೂರ, ಆದ್ರೆ ನಮ್ಮ ಮನೇಲಿ ಅಜ್ಜಿ ಹೇಳ್ತಿದ್ದ ಪ್ರಹ್ಲಾದನ ಕತೆ ನೆನಪಿಸ್ಕೊಳ್ಳಿ. ಹಿರಣ್ಯಕಶಿಪು ಮಗನನ್ನ ಬೆಟ್ಟದಿಂದ ತಳ್ಳಿಸ್ತಾನೆ, ಆನೆ ಕಾಲಿಗೆ ಹಾಕಿಸ್ತಾನೆ, ವಿಷ ಕುಡಿಸ್ತಾನೆ. ನಾವು ಆರು ವರ್ಷಕ್ಕೇ ಕೇಳಿ ಬೆಳೆದ್ವಿ. ವ್ಯತ್ಯಾಸ ಎಲ್ಲಿ ಅಂದ್ರೆ ಪ್ರಹ್ಲಾದ ಅಪ್ಪನಂಗೆ ಆಗಲ್ಲ, ಕಜುಯಾ ಅಪ್ಪನಂಗೇ ಆಗ್ತಾನೆ, ಕಂಬ ಒಡೆದು ಬರೋ ನರಸಿಂಹ ಅಲ್ಲಿಲ್ಲ. ಜಿನ್ ಅನ್ನೋ ಹುಡುಗ ಈ ಸಾಲನ್ನ ಮುರೀತೀನಿ ಅಂತ ಒದ್ದಾಡ್ತಾನೆ, ಅದೇ ಆ ಕತೆಯ ಜೀವ. ಇದನ್ನ ನಿಮ್ಮ ಮಗನ ಹತ್ರ ಕೂತು ಮಾತಾಡಬಹುದು, ಮಾತಾಡಿ. ಜಿನ್ ಮಾಡಿದ್ದು ಸರಿನಾ ಅಂತ ಕೇಳಿ, ಅವನ ಹತ್ರ ಉತ್ತರ ಇರುತ್ತೆ. ಕತೆ ಇಲ್ಲದ ಹೊಡೆದಾಟ ಆಗಿದ್ರೆ ಹಿಂಗೆ ಕೇಳೋಕೆ ಏನೂ ಇರ್ತಿರ್ಲಿಲ್ಲ, ನಾನು ಕತೆ ಕಡೆ ನಿಲ್ಲೋದಕ್ಕೆ ಇದೂ ಒಂದು ಕಾರಣ.

ವಯಸ್ಸಿನ ವಿಷ್ಯ ಮಾತ್ರ ಸಡಿಲ ಬಿಡಬೇಡಿ. ಡಬ್ಬದ ಮೇಲೆ ಗುರುತು ಇರುತ್ತೆ. ಆ ಗುರುತು ಹಾಕೋ ಪದ್ಧತಿ ಅಮೆರಿಕದಲ್ಲಿ 1994ರಲ್ಲಿ ಶುರುವಾಗಿದ್ದೇ ಮಾರ್ಟಲ್ ಕಾಂಬ್ಯಾಟ್ ಥರದ ಗೇಮ್‌ಗಳ ರಕ್ತ ನೋಡಿ ಅಲ್ಲಿನ ಸೆನೆಟ್‌ನಲ್ಲಿ ಗಲಾಟೆ ಆದ್ಮೇಲೆ. ಅವರ ಲೆಕ್ಕದಲ್ಲಿ ಟೆಕ್ಕೆನ್, ಸ್ಟ್ರೀಟ್ ಫೈಟರ್ 13 ದಾಟಿದೋರಿಗೆ, ಮಾರ್ಟಲ್ ಕಾಂಬ್ಯಾಟ್ 17 ದಾಟಿದೋರಿಗೆ. ನಿಮ್ಮ ಮಗನಿಗೆ 12, ಟೆಕ್ಕೆನ್ ಆದ್ರೆ ದೊಡ್ಡೋರು ಪಕ್ಕದಲ್ಲಿ ಕೂತಿರ್ಲಿ. ಮಾರ್ಟಲ್ ಕಾಂಬ್ಯಾಟ್ ಈಗ ಬೇಡ, ಚಿಕ್ಕಪ್ಪನಿಗೂ ಹೇಳಿಬಿಡಿ.

ಪ್ರಶ್ನೆ: ಸರ್, ಶ್ರೀರಂಗಪಟ್ಟಣ. ನಾನು ಸೀರಿಯಸ್ಸಾಗಿ ಟೂರ್ನಮೆಂಟ್ ಆಡಬೇಕು ಅಂತಿದೀನಿ. ದೊಡ್ಡ ದೊಡ್ಡ ಪ್ಲೇಯರ್‌ಗಳು ಯಾರೂ ಕತೆ ಬಗ್ಗೆ ಮಾತಾಡೋದೇ ನೋಡಿಲ್ಲ. ಹಂಗಾದ್ರೆ ಅದು ಮಕ್ಕಳಿಗೆ ಮಾತ್ರನಾ?

ಉತ್ತರ: ಆ ಮಟ್ಟದಲ್ಲಿ ಆಡೋವಾಗ ಕತೆ ಹಿಂದಕ್ಕೆ ಹೋಗುತ್ತೆ, ಹೋಗಲೇಬೇಕು. 2004ರಲ್ಲಿ ಕ್ಯಾಲಿಫೋರ್ನಿಯಾದ ಇವೊ ಟೂರ್ನಮೆಂಟಲ್ಲಿ ಜಪಾನಿನ ಡೈಗೊ ಉಮೆಹಾರಾ ಕೆನ್ ಹಿಡಿದು ಆಡ್ತಿದ್ರು, ಎದುರಿಗೆ ಅಮೆರಿಕದ ಜಸ್ಟಿನ್ ವಾಂಗ್ ಚುನ್-ಲೀ ಹಿಡಿದಿದ್ರು. ಡೈಗೊ ಜೀವ ಕೂದಲೆಳೆಯಷ್ಟು ಉಳಿದಿದೆ, ಬ್ಲಾಕ್ ಮಾಡಿದ್ರೂ ಸಾವು, ಚುನ್-ಲೀ ಸೂಪರ್ ಅನ್ನೋ ಏಟಿನ ಸರಣಿ ಬಿಟ್ಟಾಗ ಆ 15 ಏಟನ್ನೂ ಒಂದೊಂದಾಗಿ ಪ್ಯಾರಿ ಮಾಡಿ, ಅಂದ್ರೆ ಸರಿಯಾದ ಕ್ಷಣಕ್ಕೆ ತಡೆದು ಏಟು ತಾಗದಂಗೆ ಮಾಡಿ, ತಿರುಗಿಸಿ ಹೊಡೆದು ಗೆದ್ರು. ಕೂತಿದ್ದ ಜನ ಎದ್ದು ಕಿರುಚಿದ್ದು ಇವತ್ತಿಗೂ ವಿಡಿಯೋಲಿ ನೋಡಿದ್ರೆ ರೋಮ ಏಳುತ್ತೆ. ಅವತ್ತು ಆ ಹಾಲ್‌ನಲ್ಲಿ ಚುನ್-ಲೀ ತನ್ನ ಅಪ್ಪನ ಕೊಂದವನನ್ನ ಹುಡುಕ್ತಿರೋ ಪೊಲೀಸ್ ಅಂತ ಯಾರಿಗೂ ನೆನಪಿರಲಿಕ್ಕಿಲ್ಲ.

ಆದ್ರೆ ಗಮನಿಸು, ಅಲ್ಲೂ ಕತೆ ಇತ್ತು, ಆ ಇಬ್ಬರು ಮನುಷ್ಯರದು. 2019ರಲ್ಲಿ ಲಾಹೋರ್‌ನಿಂದ ಅರ್ಸಲಾನ್ ಆಶ್ ಅಂತ ಹುಡುಗ ಬಂದು ಮೊದ್ಲು ಇವೊ ಜಪಾನ್, ಆಮೇಲೆ ಅಮೆರಿಕದ ಇವೊ, ಎರಡರಲ್ಲೂ ಟೆಕ್ಕೆನ್ 7 ಗೆದ್ದಾಗ ಪ್ರಪಂಚ ಕೇಳಿದ್ದು ಯಾರು ಇವನು, ಎಲ್ಲಿಂದ ಬಂದ, ಯಾರ ಜೊತೆ ಆಡಿ ಕಲ್ತ ಅಂತ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಸ್ಟ್ರೀಟ್ ಫೈಟರ್ 5ಕ್ಕೆ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂಗೆ 44 ವರ್ಷ, ನಮ್ಮ ದೇಶದಿಂದಲೂ ಇಬ್ಬರು ಅದೇ ಆಟಕ್ಕೆ ಹೋಗಿದ್ರು. 44ರ ಆಳು ಹುಡುಗರ ಮಧ್ಯೆ ಕೂತು ಗೆದ್ದ ಅನ್ನೋದು ಕ್ಯಾರೆಕ್ಟರ್ ಹಿನ್ನೆಲೆ ಅಲ್ದೆ ಇನ್ನೇನು? ದಸರಾ ಕುಸ್ತೀಲೂ ನಾವು ಕೇಳೋದು ಹಂಗೇ ತಾನೆ, ಯಾವ ಗರಡಿ, ಯಾರ ಶಿಷ್ಯ, ಹೋದ್ವರ್ಷ ಯಾರ ಕೈಲಿ ಸೋತಿದ್ದ.

ನಿನ್ನ ವಿಷ್ಯಕ್ಕೆ ಬಂದ್ರೆ, ಕತೆ ಇಷ್ಟ ಆದ ಕ್ಯಾರೆಕ್ಟರ್‌ನ ಆರಿಸ್ಕೊ. ಒಬ್ಬನನ್ನೇ ಇಟ್ಕೊಂಡು ಸಾವಿರ ಸಲ ಸೋಲೋಕೆ ತಾಳ್ಮೆ ಬೇಕು, ಆ ತಾಳ್ಮೆ ಬರೋದು ಅವನ ಮೇಲೆ ಪ್ರೀತಿ ಇದ್ರೆ. ಆಮೇಲೆ ಕೂತು ಏಟುಗಳ ಲೆಕ್ಕ ಕಲಿ.

ಪ್ರಶ್ನೆ: ನಮಸ್ತೆ ಸರ್. ನಾನು ಮೈಸೂರಲ್ಲಿ ಅನಿಮೇಷನ್ ಓದ್ತಿರೋ ಹುಡುಗಿ. ನಾವು ನಾಲ್ಕು ಜನ ಸೇರಿ ಕಾಲೇಜ್ ಪ್ರಾಜೆಕ್ಟಿಗೆ ಒಂದು ಸಣ್ಣ ಫೈಟಿಂಗ್ ಗೇಮ್ ಮಾಡ್ತಿದೀವಿ, ನಮ್ಮೂರಿನ ಕ್ಯಾರೆಕ್ಟರ್ ಇರಬೇಕು ಅಂತ ಆಸೆ. ಒಬ್ಬ ಜೆಟ್ಟಿಗೆ ನಾನು ಆರು ಪುಟ ಹಿನ್ನೆಲೆ ಬರೆದಿದೀನಿ, ಟೀಮಲ್ಲಿ ಯಾರೂ ಓದ್ತಿಲ್ಲ. ಏನು ಮಾಡ್ಲಿ?

ಉತ್ತರ: ಈ ಪತ್ರ ಓದಿ ನನಗೆ ಆದ ಸಂತೋಷ ಹೇಳೋಕಾಗಲ್ಲ ತಂಗಿ. ನಾವು ಹುಡುಗರಾಗಿದ್ದಾಗ ಅಷ್ಟೂ ಜನ ಫೈಟರ್‌ಗಳಲ್ಲಿ ಇಂಡಿಯಾದವನು ಅಂತ ಇದ್ದೋನು ಸ್ಟ್ರೀಟ್ ಫೈಟರ್ 2ರ ಧಾಲ್ಸಿಮ್ ಒಬ್ಬನೇ. ಮೂಳೆ ಚಕ್ಕಳ ಮೈ, ಕೊರಳಲ್ಲಿ ತಲೆಬುರುಡೆ, ಬಾಯಲ್ಲಿ ಬೆಂಕಿ, ಹಿಂದೆ ಆನೆಗಳು. ನಮ್ಮೋನು ಅಂತ ಖುಷಿನೂ ಆಗೋದು, ಹಿಂಗಾ ನಾವು ಕಾಣೋದು ಅಂತ ಸಂಕಟಾನೂ ಆಗೋದು. ಆ ಬುರುಡೆಗಳು ಊರಲ್ಲಿ ಸಾಂಕ್ರಾಮಿಕ ರೋಗ ಬಂದು ಸತ್ತ ಮಕ್ಕಳದು, ಅವನು ಹೊಡೆದಾಡೋದು ಬಡ ಊರಿಗೆ ದುಡ್ಡು ತರೋಕೆ ಅಂತ ಆಮೇಲೆ ತಿಳಿದಾಗ ಅವನ ಮೇಲೆ ಗೌರವ ಬಂತು, ಆದ್ರೆ ಆ ಚಿತ್ರ ದೂರದಿಂದ ನೋಡಿದವರು ಬರೆದಿದ್ದು ಅನ್ನೋದು ಬದಲಾಗ್ಲಿಲ್ಲ. ಯೋಗದ ಊರು ಇದು, ಜಗನ್ಮೋಹನ ಅರಮನೇಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದ್ದು ಇಲ್ಲೇ, ಅಯ್ಯಂಗಾರ್‌ರು ಪಟ್ಟಾಭಿ ಜೋಯಿಸರು ಅವರ ಹತ್ರ ಕಲ್ತಿದ್ದೂ ಇಲ್ಲೇ. ಇಲ್ಲಿ ಯೋಗ ಮಾಡೋರು ಹೆಂಗಿರ್ತಾರೆ ಅಂತ ಗೋಕುಲಂನಲ್ಲಿ ಬೆಳಿಗ್ಗೆ ಒಂದು ರೌಂಡ್ ಹಾಕಿದ್ರೆ ಗೊತ್ತಾಗುತ್ತೆ. ಹತ್ತಿರದಿಂದ ನೋಡಿ ಬರೆಯೋಕೆ ನಿಮಗೆ ಅವಕಾಶ ಇದೆ.

ಜೆಟ್ಟಿ ಒಳ್ಳೇ ಆಯ್ಕೆ. ಆರು ಪುಟಾನ ಹಂಗೇ ಇಟ್ಕೊ, ಅದು ನಿನಗೆ. ಆಡೋರಿಗೆ ಅದು ಕಾಣಬೇಕಾಗಿರೋದು ಮೈ ಮೇಲೆ. ವಜ್ರಮುಷ್ಟಿ ಕಾಳಗ ವಿಜಯದಶಮಿ ದಿನ ಅರಮನೇಲಿ ನಡೆಯುತ್ತಲ್ಲ, ಜಂಬೂ ಸವಾರಿಗೆ ಮುಂಚೆ, ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜೆಟ್ಟಿಗಳು ಜೋಡಿ ಜೋಡಿಯಾಗಿ ಇಳೀತಾರೆ, ಬೋಳಿಸಿದ ತಲೆ, ಕೈಯಲ್ಲಿ ವಜ್ರನಖ ಅನ್ನೋ ಚೂಪಾದ ಆಯುಧ, ಯಾರ ತಲೆಯಿಂದ ಮೊದಲ್ನೇ ಹನಿ ರಕ್ತ ಬಂತೋ ಅಲ್ಲಿಗೆ ಮುಗೀತು. ಎಷ್ಟೋ ಸಲ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ತಿಂಗಳುಗಟ್ಟಲೆ ತಯಾರಿ, ಒಂದು ಕ್ಷಣದ ಕಾಳಗ. ಇದನ್ನ ನಿಯಮಕ್ಕೇ ತಗೊಂಡು ಬಾ. ನಿನ್ನ ಜೆಟ್ಟಿಗೆ ಒಂದು ಏಟು ಇರ್ಲಿ, ತಲೆಗೆ ಸರಿಯಾಗಿ ಬಿದ್ರೆ ಎದುರಾಳಿ ಜೀವ ಎಷ್ಟೇ ಉಳಿದಿರ್ಲಿ ರೌಂಡ್ ಮುಗೀಬೇಕು, ತಪ್ಪಿದ್ರೆ ಇವನು ಪೂರ್ತಿ ಬಯಲಿಗೆ ಬೀಳಬೇಕು. ಆಡೋನು ಆ ಏಟಿಗೆ ಕಾಯ್ತಾ ಕೂರ್ತಾನೆ, ಆ ಕಾಯೋದ್ರಲ್ಲೇ ಜೆಟ್ಟಿ ಯಾರು ಅಂತ ಅವನಿಗೆ ಅರ್ಥ ಆಗುತ್ತೆ.

ಮತ್ತೆ ಗೆದ್ದಾಗ ಅವನು ಏನು ಮಾಡ್ತಾನೆ ಅಂತ ಯೋಚ್ನೆ ಮಾಡು. ಕೂಗಾಡ್ತಾನಾ, ಸುಮ್ನೆ ನಿಲ್ತಾನಾ, ಎದುರಿನವನ ತಲೆಗೆ ಬಟ್ಟೆ ಒತ್ತಿ ಹಿಡೀತಾನಾ? ನಿನ್ನ ಆರು ಪುಟದಲ್ಲಿ ಯಾವುದೋ ಒಂದು ಸಾಲಲ್ಲಿ ಅದು ಆಗ್ಲೇ ಇರುತ್ತೆ, ಹುಡುಕು. ಅದನ್ನ ಎರಡು ಸೆಕೆಂಡ್ ಅನಿಮೇಷನ್ ಮಾಡಿ ಟೀಮಿಗೆ ತೋರಿಸು, ಮಿಕ್ಕ ಐದೂವರೆ ಪುಟ ಅವರೇ ಕೇಳ್ಕೊಂಡು ಬರ್ತಾರೆ. ತಲೆ ಮೇಲೆ ಹಳೇ ಗಾಯದ ಗುರುತು ಇಡೋದಾದ್ರೆ ಅದನ್ನ ಮಾಡಿದ್ದು ನಿಮ್ಮ ಗೇಮಿನ ಯಾವ ಕ್ಯಾರೆಕ್ಟರ್ ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ. ಆದ್ರೆ ಗೇಮಲ್ಲಿ ಎಲ್ಲೂ ಬಾಯಿ ಬಿಟ್ಟು ಹೇಳಬೇಡಿ.